ನಾತವಿಲ್ಲದ ನೀರು

ಗೋಪಾಳ, ಶಿವಮೊಗ್ಗ
೧೮ ಜೂನ್ ೨೦೨೪

ಪ್ರೀತಿಯ ತಂಗಿ ದ್ಯಾಮಮ್ಮನಿಗೆ ನಿನ್ನಣ್ಣನ ಆಶೀರ್ವಾದಗಳು.

ನಾವಿಲ್ಲಿ ಇದ್ದೇವೆ. ನೀವು ಕ್ಷೇಮವೇ ಎಂದು ಕೇಳಲು ನನಗೆ ಬಾಯಿಲ್ಲ. ನಿನ್ನ ಮೊಮ್ಮಗುವನ್ನು ಮಣ್ಣು ಮಾಡುವಾಗಲೂ ಬರದೆ, ಒಂದೂವರೆ ತಿಂಗಳಿಂದ ನಿನ್ನ ಫೋನೂ ಎತ್ತದೆ, ಈಗ ಕಾಗದ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದು.

ಭದ್ರಾವತಿಯ ಗೋಂದಿನ ಫ್ಯಾಕ್ಟರಿ ಬಿಟ್ಟೆ. ಅಲ್ಲಿ ಕೊಳೆನೀರು ಶುದ್ಧ ಮಾಡುವ ನನ್ನ ಕೆಲಸಕ್ಕೆ ನೀನು, "ನಮ್ಮಣ್ಣ ಕಣ್ಣಿಗೆ ಕಾಣದ ದನ ಸಾಕ್ತಾನೆ" ಎಂದು ನಗುತ್ತಿದ್ದೆ. ನಿಜವೇ. ಮೊದಲ ತೊಟ್ಟಿಗೆ ಗಾಳಿ ಊದಿದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ನಾತ ಹೋಗುತ್ತದೆ, ವಿಷ ಹೋಗುವುದಿಲ್ಲ. ಎರಡನೆಯ ತೊಟ್ಟಿಗೆ ಗಾಳಿ ಬೇಡ, ಬೆಲ್ಲದ ನೀರು ಬೇಕು. ಅದನ್ನು ತಿಂದುಕೊಂಡು ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ.

ಜನವರಿಯಲ್ಲಿ ಮ್ಯಾನೇಜರ್ ವಿಜಯಕುಮಾರ್ ಬೆಲ್ಲ ನಿಲ್ಲಿಸಿದರು. "ನೀರು ತಿಳಿಯಾಗಿದೆ, ವಾಸನೆ ಇಲ್ಲ, ಇನ್ನೇನ್ರೀ ಗೋವಿಂದಯ್ಯ? ಹುಳಕ್ಕೆ ಬೆಲ್ಲ ತಿನ್ಸೋಕೆ ಇದೇನು ಮದುವೆ ಮನೆನಾ?" ಎಂದರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ. ಆ ನೈಟ್ರೇಟಿನ ನೀರು ಫ್ಯಾಕ್ಟರಿಯ ಹಿಂದಿನ ಹೊಂಡಕ್ಕೆ ಹೋಗಿ ನೆಲಕ್ಕೆ ಇಂಗಿತು. ಹೊಂಡದ ಕೆಳಗಿನ ಇಳಿಜಾರಿನಲ್ಲೇ ನಿಮ್ಮ ಬಾವಿ.

ಕವನಳಿಗೆ ಎದೆಹಾಲು ಸಾಲದೆ ಮಗುವಿಗೆ ಪುಡಿಹಾಲು ಶುರು ಮಾಡಿದ ದಿನ ನಾನು ನಿಮ್ಮ ಮನೆಗೆ ಬಂದಿದ್ದೆನಲ್ಲ. "ಅಣ್ಣಾ, ನೀರಿಗೆ ನಾತ ಏನಿಲ್ವಲ್ಲ, ಪಾಪೂಗೆ ಬಾವಿ ನೀರಲ್ಲೇ ಹಾಲು ಕಲಸಬಹುದಾ?" ಎಂದು ನೀನು ಕೇಳಿದೆ. "ಚೆನ್ನಾಗಿ ಕಾಯ್ಸಿ ಕೊಡು ಮಾರಾಯ್ತಿ" ಎಂದೆ. ಮೂರು ವಾರಕ್ಕೆ ಮಗು ನೀಲಿಯಾಯಿತು.

ನಿನ್ನ ಅಳಿಯ ಭೀಮೇಶ್ ಮೊನ್ನೆ ಬಂದಿದ್ದ. ನೀರಿನಿಂದಲೇ ಹೀಗಾಯಿತು ಎಂದು ಡಾಕ್ಟರ್ ಹೇಳಿದಂದಿನಿಂದ ನೀನು ಊಟ ಬಿಟ್ಟಿದ್ದೀಯಂತೆ. "ನಾನೇ ಸರಿಯಾಗಿ ಕಾಯಿಸ್ಲಿಲ್ಲ, ಪಾಪೂನ ನಾನೇ ಕೊಂದೆ" ಎಂದು ಒಲೆಯ ಮುಂದೆ ಕೂತಿರುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೂ ಅನ್ನ ಇಳಿಯುತ್ತಿಲ್ಲ.

ಬಾವಿಗೆ ಹಲಗೆ ಮುಚ್ಚಿಸಿ. ಪಂಚಾಯಿತಿಗೂ ಪೊಲೀಸರಿಗೂ ನಡೆದದ್ದನ್ನೆಲ್ಲ ಬರೆದು, ನನ್ನ ಹೆಸರು ಹಾಕಿ ಕೊಟ್ಟಿದ್ದೇನೆ. ಕವನಳಿಗೆ ದೇವರು ಧೈರ್ಯ ಕೊಡಲಿ. ನೀನು ಒಂದು ತುತ್ತು ಉಣ್ಣುವಂತಾಗಲಿ.

ನಿನ್ನ ಅಣ್ಣ,
ಗೋವಿಂದಯ್ಯ

ತಾ.ಕ.: ನೀನು ಸರಿಯಾಗಿಯೇ ಕಾಯಿಸಿದೆ. ಎಳೆಮಗುವಿನ ರಕ್ತ ಕೆಡಿಸಿ ಮೈ ನೀಲಿ ಮಾಡುವ ನೈಟ್ರೇಟ್ ಕಾಯಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚಾಗುತ್ತದೆ. ಇದು ನನಗೆ ಅಂದೇ ಗೊತ್ತಿತ್ತು. ನೀನು ಕಾಫಿ ಮಾಡಲು ಒಳಗೆ ಹೋದಾಗ ಜೇಬಿನಲ್ಲಿದ್ದ ನೈಟ್ರೇಟ್ ಪರೀಕ್ಷೆಯ ಕಾಗದದ ಪಟ್ಟಿಯನ್ನು ನಿಮ್ಮ ಕೊಡದಲ್ಲಿ ಅದ್ದಿದ್ದೆ. ಅದು ಕಡುಗುಲಾಬಿಯಾಯಿತು, ಅಂದರೆ ನೈಟ್ರೇಟ್ ಮಿತಿ ಮೀರಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಹೆದರಿ, ಕಾಯಿಸಿ ಕೊಡು ಎಂದೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ನೀನು ತಂದ ಕಾಫಿಯನ್ನು ಮಾತ್ರ ನಾನು ಕುಡಿಯಲಿಲ್ಲ.