ಟೇಪು ಸುತ್ತಿದ ಕೆಂಪು ವಯರು

ಹಾರಿಸ್,

ಇವತ್ತು ಮುಂಡಾಜೆಯ ಒಂದು ಪಂಪ್ ಶೆಡ್ಡಿಗೆ ಹೋಗಿದ್ದೆ. ನನ್ನ ಜೊತೆ ಬಂದಿದ್ದ ಎಲೆಕ್ಟ್ರಿಷಿಯನ್ ಸಂದೇಶ್ ಸ್ಟಾರ್ಟರಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಮುಟ್ಟಿಸಿ, "ಸೊನ್ನೆ ಉಂಟು, ಕರೆಂಟಿಲ್ಲ. ಬಿಚ್ಚುವ" ಎಂದ. ನಾನು ಅವನನ್ನು ತಡೆದು, ಅದೇ ಕಡ್ಡಿಗಳನ್ನು ಆಗಷ್ಟೇ ಮೊಬೈಲ್ ಚಾರ್ಜಾಗುತ್ತಿದ್ದ ಪ್ಲಗ್ಗಿಗೆ ಹಾಕಿದೆ. ಅಲ್ಲೂ ಸೊನ್ನೆ. ಮೀಟರಿನ ಕೆಂಪು ವಯರು ಬುಡದಲ್ಲಿ ಒಳಗೊಳಗೇ ತುಂಡಾಗಿತ್ತು. ಅದರ ಮೇಲೆ ಸುತ್ತಿದ್ದ ಟೇಪು ಕರಗಿ, ಕೊಳೆ ಹಿಡಿದು ಬೆರಳಿಗೆ ಅಂಟಿತು.

"ಥೂ, ಇದನ್ನು ನಂಬಿ ಕೈ ಹಾಕ್ತೀಯಾ? ಮೊದಲು ಕರೆಂಟಿರುವ ಕಡೆ ಇಟ್ಟು ಮೀಟರನ್ನೇ ನೋಡ್ಬೇಕಂತ ಗೊತ್ತಿಲ್ವಾ? ಮನುಷ್ಯನಾ ನೀನು?"

ಅವನ ಮುಖ ಸಣ್ಣದಾಯಿತು. "ಎಂತ ಚಿದಾನಂದಣ್ಣ, ನೀವೇ ಕೊಟ್ಟ ಮೀಟರಲ್ವಾ ಇದು? ಟೇಪು ಆಗಲೇ ಇತ್ತು."

ಹೌದು. ನೀನು ಶಾಕ್ ಹೊಡೆದು ಹೋದ ಮೇಲೆ ಅದನ್ನು ಕಣ್ಣೆದುರು ಇಟ್ಟುಕೊಳ್ಳಲಾಗದೆ ಅವನಿಗೆ ದಾಟಿಸಿದ್ದೆ. ಒಡೆದು ಬಿಸಾಡಲಿಲ್ಲ. ಚಾರ್ಮಾಡಿಯ ಮಿಲ್ಲಿನಲ್ಲಿ ಅದೇ ಸೊನ್ನೆ ನೋಡಿ ನಿನಗೆ, "ಕರೆಂಟಿಲ್ಲ, ಬಿಚ್ಚು ಮಾರಾಯ" ಎಂದಿದ್ದೆ.

ಮಿಲ್ಲಿನವರು ಯಾರೋ ಗೊತ್ತಿಲ್ಲದೆ ಮೇನ್ ಸ್ವಿಚ್ಚು ಹಾಕಿದರು ಎಂದೇ ನಿನ್ನ ಉಮ್ಮನಿಗೆ ಈಗಲೂ ಹೇಳುತ್ತಿದ್ದೇನೆ. ಅವರು ನನಗೆ ಚಾ ಕೊಡುತ್ತಾರೆ. ನಾನು ಕುಡಿದು ಬರುತ್ತೇನೆ.