ಗೋಡೆಗೆ ಅಂಟಿಸಿದ ಅಭಿಪ್ರಾಯ

ಯಜಮಾನರೇ,

ಕರಾಟೆ ರೌಡಿ ಚಿತ್ರದ ಎರಡನೇ ಭಾಗ ನೋಡಿದವರು ನಮ್ಮ ಟಾಕೀಸಿನ ಡಬ್ಬಿಗೆ ಹಾಕಿದ ಅಭಿಪ್ರಾಯದ ಚೀಟಿಗಳನ್ನು ಎಂದಿನಂತೆ ನಾನೇ ಗೋಡೆಗೆ ಅಂಟಿಸಿದೆ. 'ಮೊದಲನೇದೇ ವಾಸಿ', 'ಫೈಟ್ ಸೂಪರ್, ಕಥೆ ಸೊನ್ನೆ'. ಇವುಗಳ ನಡುವೆ ಒಂದು: 'ಕತ್ತು ಹಿಸುಕಿದ್ರೆ ಅಷ್ಟು ಬೇಗ ಸಾಯಲ್ಲ. ನಾನು ಎಣಿಸಿದೀನಿ.' ತಮಾಷೆಯೆಂದು ಅದನ್ನೇ ಎಲ್ಲಕ್ಕಿಂತ ಮೇಲೆ ಹಾಕಿದೆ. ಜನ ನಿಂತು ಓದಿ ನಕ್ಕರು.

ಮರುದಿನ ಅದೇ ಅಕ್ಷರದಲ್ಲಿ ಇನ್ನೊಂದು ಬಂತು: 'ನಗಿಸೋಕೆ ಬರೆದಿದ್ದಲ್ಲ. ಅಂಟಿಸಿದ್ದು ಯಾರು?' ಎರಡೂ ಚೀಟಿ ಹಿಡಿದು ಠಾಣೆಗೆ ಹೋದೆ. ಪೊಲೀಸರು "ಸಿನಿಮಾ ಹುಚ್ಚು, ಬಿಡಮ್ಮ" ಎಂದರು.

ದಯವಿಟ್ಟು ನನ್ನನ್ನು ಒಳಗಿನ ಕೆಲಸಕ್ಕೆ ಹಾಕಿ. ಡಬ್ಬಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಕಳುವಾಗಿದೆ ಎಂದಿದ್ದೆನಲ್ಲ, ಹೊಸದು ತರಿಸಬೇಡಿ. ಇಂದು ಬೆಳಿಗ್ಗೆ ಅದು ದಾರದ ಸಮೇತ ನಮ್ಮ ಮನೆಯ ಹೊಸ್ತಿಲ ಮೇಲಿತ್ತು.

ಇಂತು,
ನಿನ್ನೆಯವರೆಗೆ ನಿಮ್ಮ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವಳು