ಅಪ್ಪನಿಗೆ ಎಡೆ ಇಡಲಿಲ್ಲ

ಹರವೆ
೨೩-೯-೨೦೨೫

ತಂಗಿ ಪ್ರಿಯಾಂಕಳಿಗೆ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರೊಳಗೆ ಸಿಟ್ಟು ಇಳಿದರೆ. ಫೋನು ಮಾಡಿದರೆ ಲ್ಯಾಬಿನಲ್ಲಿದ್ದೇನಕ್ಕ ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಅಪ್ಪನಿಗೆ ಎಡೆ ಇಡಲಿಲ್ಲ. ಹೊಸ ಪಂಚೆ ತಂದಿದ್ದೆ. ಅವರಿಗಿಷ್ಟವಾದ ಕಜ್ಜಾಯ, ಹುರುಳಿಕಾಳಿನ ಸಾರು ಮಾಡಿದ್ದೆ. ರಂಗರಾಜು ಚಿಕ್ಕಪ್ಪ ಗುಂಡ್ಲುಪೇಟೆಯಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಅವ್ವ ಎಲೆ ಹಾಕಲು ಬಿಡಲೇ ಇಲ್ಲ. "ಬದ್ಕಿರೋರ್ಗೆ ಎಡೆ ಇಕ್ಕಬಾರ್ದು ಕಣಮ್ಮಿ" ಎಂದಳು. ಅಣ್ಣನಿಗೆ ಎಡೆಯಿಲ್ಲದ ಮನೆಯಲ್ಲಿ ತಾನು ಹೇಗೆ ಉಣ್ಣಲಿ ಎಂದು ಚಿಕ್ಕಪ್ಪ ಹಸಿದ ಹೊಟ್ಟೆಯಲ್ಲೇ ಎದ್ದು ಹೋದರು.

ಇದೆಲ್ಲ ನಿನ್ನಿಂದ. ಯುಗಾದಿಗೆ ಬಂದವಳು ಅವ್ವನನ್ನು ಕೂರಿಸಿಕೊಂಡು ಹೇಳಿದೆಯಲ್ಲ, ಅಪ್ಪ ತೀರಿಕೊಳ್ಳುವ ಮೊದಲು ತೆಗೆದ ರಕ್ತದಿಂದ ಕಾಂಡಕೋಶ ಮಾಡಿದ್ದೀವಿ, ಅವು ಸಾಯದೆ ಬೆಳೆಯುತ್ತಲೇ ಇವೆ, ಅವುಗಳಿಂದ ಮಿದುಳಿನ ನರಕೋಶ ಮಾಡುತ್ತೀವಿ ಎಂದು. ಒಂದು ಪಾಲಿನಲ್ಲಿ ವಂಶವಾಹಿಯಲ್ಲಿರುವ ರೋಗದ ತಪ್ಪನ್ನು ಹಾಗೇ ಬಿಟ್ಟು, ಇನ್ನೊಂದರಲ್ಲಿ ತಿದ್ದಿ, ಎರಡನ್ನೂ ಹೋಲಿಸಿ ನೋಡುತ್ತೀರಂತೆ. ಅಲ್ಲಿಗೆ ನಿಲ್ಲಿಸಬಾರದಿತ್ತೆ? "ಅಪ್ಪ ನಮ್ಮ ಲ್ಯಾಬಲ್ಲಿ ಬದ್ಕೇ ಅವ್ರೆ ಕಣವ್ವ, ಗುಣಾನೂ ಆಗವ್ರೆ" ಎಂದು ನಕ್ಕೆ. ನಿನಗದು ತಮಾಷೆಯ ಮಾತು. ಅವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಈಗ ದಿನಾ ನನ್ನನ್ನು ಕೇಳುತ್ತಾಳೆ. "ಗುಣ ಆಯ್ತು ಅಂದ್ಮೇಲೆ ಮನ್ಗೆ ಕಳ್ಸಕ್ಕೇನಂತೆ ಅವ್ರಿಗೆ?" ಅಂಗನವಾಡಿಯಲ್ಲಿ ಮಕ್ಕಳಿಗೆ ಅಆಇಈ ಹೇಳಿಕೊಡುವ ನಾನು ಏನೆಂದು ಉತ್ತರ ಕೊಡಲಿ? ಅವು ಕಣ್ಣಿಗೂ ಕಾಣದಷ್ಟು ಸಣ್ಣ ಕಣಗಳವ್ವ, ಅವಕ್ಕೆ ಅಪ್ಪನ ಮುಖವಿಲ್ಲ, ಮಾತಿಲ್ಲ ಎಂದೆ. ನನ್ನ ಹೊಟ್ಟೆಯಲ್ಲಿ ನಿಂತಾಗ ನೀನೂ ಅಷ್ಟೇ ಇದ್ದೆ ಎಂದಳು.

ಗೌರಿ ಹಬ್ಬಕ್ಕೆ ಹಸಿರು ಬಳೆ ತೊಟ್ಟಳು, ಕುಂಕುಮ ಇಟ್ಟಳು. ಪಕ್ಕದ ಮನೆ ಶಿವಮ್ಮ ಬಾಗಿಲಲ್ಲೇ ನಿಂತು ನಕ್ಕು ಹೋದಳು. ಅಪ್ಪನನ್ನು ಕಂಡೂ ಊರು ಹೀಗೇ ನಕ್ಕಿತ್ತು. ಒಂದು ತೊಟ್ಟು ಮುಟ್ಟಿದವರಲ್ಲ, ರೋಗದಿಂದ ಕಾಲು ತೂರಾಡಿದ್ದಕ್ಕೆ ಕುಡುಕ ಎಂದು ಲಾರಿ ಕೆಲಸದಿಂದ ತೆಗೆದರು. ಆ ನಗುವನ್ನು ನೀನು ಮತ್ತೆ ನಮ್ಮ ಮನೆಬಾಗಿಲಿಗೆ ಕರೆತಂದೆ. ನೆನೆದರೆ ಮೈಯೆಲ್ಲ ಉರಿಯುತ್ತದೆ ನನಗೆ. ಕಾಯಿಲೆಯ ವಿಷಯ ಅಷ್ಟು ಓದಿದವಳಿಗೆ, ಗಂಡನನ್ನು ಕಳೆದುಕೊಂಡವಳ ಮುಂದೆ ಏನು ಆಡಬೇಕೆಂದು ಯಾರೂ ಕಲಿಸಲಿಲ್ಲವೇ?

ಬಾ. ನಿನ್ನ ಬಾಯಿಂದಲೇ ಅವ್ವನಿಗೆ ಹೇಳು, ಅಪ್ಪ ಸತ್ತಿದ್ದಾರೆ ಎಂದು. ನಾನು ಹೇಳಿ ಹೇಳಿ ಸೋತೆ. ದೀಪಾವಳಿಯ ದಿನ ಎಡೆ ಇಟ್ಟರೂ ನಡೆಯುತ್ತದೆ ಎಂದು ಚಿಕ್ಕಪ್ಪ ಒಪ್ಪಿದ್ದಾರೆ.

ಸಿಟ್ಟು ಇಳಿದಿಲ್ಲ. ಆದರೂ ಆಶೀರ್ವಾದ.

ನಿನ್ನಕ್ಕ
ಸುಧಾಮಣಿ

ವಿ.ಸೂ.: ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಗೌರಿ ಹಬ್ಬಕ್ಕೆ ಮುಂಚೆ ನೀರಿನ ಕೊಡ ಹೊತ್ತು ಬರುವಾಗ ಅಂಗಳದಲ್ಲಿ ನನ್ನ ಹೆಜ್ಜೆ ತಪ್ಪಿತು. ಆಮೇಲೂ ತಪ್ಪುತ್ತಿದೆ, ಅಪ್ಪನಿಗೆ ಶುರುವಾದ ಹಾಗೆಯೇ. ಅವ್ವ ಜಗುಲಿಯಿಂದ ನೋಡಿದಳು. ಅಪ್ಪ ಗುಣವಾಗಿದ್ದಾರೆ ಎಂದು ಅವಳು ಹಟ ಹಿಡಿದದ್ದು ಅವತ್ತಿನಿಂದ. ಬಂದಾಗ ಅಪ್ಪ ಸತ್ತರೆಂದು ಮಾತ್ರ ಹೇಳು. ಗುಣವಾಗಲಿಲ್ಲವೆಂದು ಹೇಳಬೇಡ.